ರೋಗನಿರೋಧಕ 'ಶಕ್ತಿ': ಒಂದು ಪದದ ಸುತ್ತ

ನಮ್ಮ ಬೀದಿಯಲ್ಲಿ ಎಲ್ಲರೂ ಖಾಲಾ ಎಂದೇ ಕರೆಯುವ ಒಬ್ಬ ಹಿರಿಯ ಹೆಂಗಸಿದ್ದಾರೆ. ಬೀಡಿ ಕಟ್ಟಿ ನಾಲ್ಕು ಮಕ್ಕಳನ್ನು ದಡ ಸೇರಿಸಿದವರು. 2019ರಲ್ಲಿ ಅವರ ಬೆರಳಿನ ಗಿಣ್ಣುಗಳು ಊದಿಕೊಂಡವು. ಬೆಳಿಗ್ಗೆ ಎದ್ದರೆ ಒಂದು ತಾಸು ಮುಷ್ಟಿ ಮಡಚಲು ಆಗುತ್ತಿರಲಿಲ್ಲ. ಪೇಟೆಯ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಇದು ರುಮಟಾಯ್ಡ್ ಸಂಧಿವಾತ ಎಂದರು. ವಾರಕ್ಕೆ ಒಂದೇ ದಿನ ನುಂಗಬೇಕಾದ ಮಾತ್ರೆ ಬರೆದುಕೊಟ್ಟರು. ಇದು ಯಾತಕ್ಕೆ ಎಂದು ಖಾಲಾ ಕೇಳಿದ್ದಕ್ಕೆ, "ನಿಮ್ಮ ರೋಗನಿರೋಧಕ ಶಕ್ತಿಯನ್ನು ಸ್ವಲ್ಪ ಕಡಿಮೆ ಮಾಡಬೇಕಮ್ಮ" ಎಂದರಂತೆ. ಡಾಕ್ಟರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಕೆಲವು ತಿಂಗಳು ಖಾಲಾ ಮಾತ್ರೆ ನುಂಗಿದರು. ಅಷ್ಟರಲ್ಲಿ 2020ರ ಮಾರ್ಚ್ ಬಂತು. ಟಿ.ವಿ.ಯಲ್ಲಿ, ಮೊಬೈಲಿನಲ್ಲಿ, ಅಂಗಡಿಯ ಕಟ್ಟೆಯಲ್ಲಿ ಒಂದೇ ಮಾತು: ರೋಗನಿರೋಧಕ ಶಕ್ತಿ ಹೆಚ್ಚಿಸಿಕೊಳ್ಳಿ. ಖಾಲಾ ಮಾತ್ರೆಯ ಪಟ್ಟಿಯನ್ನು ಗೂಡಿನಲ್ಲಿ ಎತ್ತಿಟ್ಟು ಶುಂಠಿ, ಕಾಳುಮೆಣಸಿನ ಕಷಾಯ ಶುರು ಮಾಡಿದರು. ವಿಷಯ ಗೊತ್ತಾಗಿ ನಾವು ಕೇಳಿದಾಗ ಅವರೇ ನಮ್ಮನ್ನು ಕೇಳಿದರು: "ದುನಿಯಾ ಎಲ್ಲ ಶಕ್ತಿ ಹೆಚ್ಚಿಸ್ಕೋ ಅಂತಿರುವಾಗ ನಾನೊಬ್ಬಳು ಕಡಿಮೆ ಮಾಡ್ಕೊಳ್ಳೋ ಮಾತ್ರೆ ನುಂಗ್ಲಾ ಬೇಟಾ?" ನಮ್ಮ ಬಳಿ ಉತ್ತರವಿರಲಿಲ್ಲ. ಅವರು ಮತ್ತೆ ಡಾಕ್ಟರ ಬಳಿ ಹೋಗುವ ಹೊತ್ತಿಗೆ ಬಲಗೈಯ ಎರಡು ಬೆರಳುಗಳು ಹೊರಕ್ಕೆ ವಾಲಿಬಿಟ್ಟಿದ್ದವು. ಅವು ಇನ್ನು ನೆಟ್ಟಗಾಗುವುದಿಲ್ಲವಂತೆ.

ಕಥೆ ಬರೆಯುವ ನಮಗೆ ವೈದ್ಯಶಾಸ್ತ್ರದಲ್ಲಿ ಬಾಯಿ ಹಾಕುವ ಅಧಿಕಾರವಿಲ್ಲ. ಆದರೆ ಪದಗಳ ಬಗ್ಗೆ ಮಾತನಾಡುವುದು ನಮ್ಮ ಕಸುಬು. ಕವನದಲ್ಲಿ ಒಂದು ಪದ ಹೆಚ್ಚುಕಡಿಮೆಯಾದರೆ ಪುಟಗಟ್ಟಲೆ ವಿಮರ್ಶೆ ಬರೆಯುವ ನಾವು, ಒಬ್ಬ ಹೆಂಗಸಿನ ಬೆರಳನ್ನು ವಾಲಿಸಿದ ಪದವನ್ನು ವಿಮರ್ಶೆಯ ಆಚೆಗಿಟ್ಟು ಬಿಟ್ಟಿದ್ದೇವೆ. ವಿಜ್ಞಾನದ ಬರಹ ಸಾಹಿತ್ಯವಲ್ಲ, ಅದು ಬರೀ ಮಾಹಿತಿ ಎಂಬ ಉದಾಸೀನ ಇದರ ಹಿಂದಿದೆ.

ಪದದ ಮೂಲವನ್ನೇ ನೋಡೋಣ. ಇಂಗ್ಲಿಷಿನ ಇಮ್ಯುನಿಟಿ ಲ್ಯಾಟಿನ್ ಭಾಷೆಯ 'ಇಮ್ಯುನಿಸ್' ಎಂಬುದರಿಂದ ಬಂತು. ಹಾಗೆಂದರೆ ತೆರಿಗೆ, ಬಿಟ್ಟಿ ಸೇವೆಗಳಿಂದ ವಿನಾಯಿತಿ ಪಡೆದವನು. ನಮ್ಮ ಶಾಸನಗಳಲ್ಲಿ ಕಂದಾಯವಿಲ್ಲದೆ ಬಿಟ್ಟುಕೊಟ್ಟ ಭೂಮಿಗೆ 'ಸರ್ವಮಾನ್ಯ' ಎನ್ನುತ್ತಿದ್ದರು, ನವಾಬರ ಕಾಲದಲ್ಲಿ ಇನಾಮು ಎಂದರು. ಒಮ್ಮೆ ಸಿಡುಬು ಬಂದು ಬದುಕಿದವನಿಗೆ ಅದು ಮತ್ತೆ ಬಾರದು, ಅವನು ಆ ರೋಗದ ಕಂದಾಯ ಕಟ್ಟಿ ಮುಗಿಸಿದವನು ಎಂಬುದು ಆ ಪದದಲ್ಲಿದ್ದ ಭಾವ. ಅದರಲ್ಲಿ ಬಲದ ಮಾತಿರಲಿಲ್ಲ, ಸೈನ್ಯವಂತೂ ಇರಲೇ ಇಲ್ಲ. ಅರಬ್ಬಿಯಲ್ಲಿ ಇದನ್ನು 'ಮನಾಅ' ಎನ್ನುತ್ತಾರೆ. 'ಇಲ್ಲಿ ನಿಲ್ಲುವುದು ಮನಾ ಹೈ' ಎಂದು ನಮ್ಮ ಕಡೆ ಗೋಡೆಯ ಮೇಲೆ ಬರೆಯುತ್ತಾರಲ್ಲ, ಅದೇ ಧಾತು. ಇದೂ ಒಳಗೆ ಬಿಡದಿರುವುದರ ಮಾತೇ ಹೊರತು ಬಲದ ಮಾತಲ್ಲ.

ಬಲ ಬಂದದ್ದು ನಮ್ಮ ಎರಡು ಭಾಷೆಗಳಲ್ಲಿ. ಉರ್ದು ಶಾಲೆಯಲ್ಲಿ ಒಂದಷ್ಟು ವರ್ಷ ಕಲಿತು ಆಮೇಲೆ ಕನ್ನಡ ಶಾಲೆಗೆ ಬಂದ ನಮ್ಮಂಥವರು ಎರಡು ಪದಗಳನ್ನೂ ಬಾಯಿಪಾಠ ಮಾಡಿದ್ದೇವೆ. ಅಲ್ಲಿ 'ಕುವ್ವತೆ ಮುದಾಫಿಅತ್', ಇಲ್ಲಿ 'ರೋಗನಿರೋಧಕ ಶಕ್ತಿ'. ಕುವ್ವತ್ ಎಂದರೂ ಶಕ್ತಿಯೇ. ಶಕ್ತಿ ಎಂದ ಮೇಲೆ ಅದು ಹೆಚ್ಚಿದ್ದಷ್ಟೂ ಒಳ್ಳೆಯದು. ಹಣ ಹೆಚ್ಚಾಯಿತು ಎಂದು ದೂರುವವರನ್ನು ನಾವು ಕಂಡಿಲ್ಲ, ಶಕ್ತಿಯೂ ಹಾಗೆಯೇ. ಡಾಬರಿನ ಚ್ಯವನಪ್ರಾಶದಿಂದ ಹಿಡಿದು ಹಮ್‌ದರ್ದಿನ ಖಮೀರದವರೆಗೆ ಎಲ್ಲ ಡಬ್ಬಿಗಳೂ ಈ ಒಂದು ಪದದ ಹೆಗಲ ಮೇಲೆ ಕುಳಿತಿವೆ.

ಪದ ಹೀಗಿರುವಾಗ ಅದನ್ನು ವಿವರಿಸುವ ಲೇಖನಗಳು ಹೇಗಿರುತ್ತವೆ ಎಂದು ಹೇಳಬೇಕಾಗಿಲ್ಲ. ಆರೋಗ್ಯ ಪುರವಣಿಯ ಯಾವುದೇ ಬರಹ ತೆಗೆದು ನೋಡಿ. ದೇಹ ಒಂದು ಕೋಟೆ. ಬಿಳಿ ರಕ್ತಕಣಗಳು ಸೈನಿಕರು. ರೋಗಾಣುಗಳು ಗಡಿ ದಾಟಿ ನುಸುಳುವ ವೈರಿಗಳು. ಆಮೇಲೆ ಘನಘೋರ ಯುದ್ಧ, ಕೊನೆಗೆ ವಿಜಯ. ನಾವೂ ಒಮ್ಮೆ ಮಕ್ಕಳಿಗಾಗಿ ಇಂಥದೇ ಒಂದು ಕಥೆ ಬರೆದು ಶಹಬ್ಬಾಸ್ ಎನಿಸಿಕೊಂಡಿದ್ದೆವು. ಬರೆಯುವುದು ಬಹಳ ಸುಲಭ, ಏಕೆಂದರೆ ಯುದ್ಧದ ಕಥೆ ತಾನಾಗಿಯೇ ಮುಂದಕ್ಕೆ ಓಡುತ್ತದೆ. ಲೇಖಕ ಏನನ್ನೂ ಯೋಚಿಸಬೇಕಾಗಿಲ್ಲ.

ಆದರೆ ವಾಸ್ತವ ಏನು? ಕೋವಿಡ್ಡಿನ ಕಾಲವನ್ನೇ ತೆಗೆದುಕೊಳ್ಳಿ. ಊರೆಲ್ಲ ಶಕ್ತಿ ಹೆಚ್ಚಿಸಿಕೊಳ್ಳುವ ಕಷಾಯ ಕುಡಿಯುತ್ತಿದ್ದಾಗ, 2020ರ ಜೂನ್ ತಿಂಗಳಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡಿನಿಂದ 'ರಿಕವರಿ' ಎಂಬ ಪ್ರಯೋಗದ ಫಲಿತಾಂಶ ಹೊರಬಿತ್ತು. ಡೆಕ್ಸಾಮೆಥಸೋನ್ ಎಂಬ ಹಳೆಯ, ಅಗ್ಗದ ಸ್ಟೀರಾಯ್ಡ್ ಔಷಧ ಕೊಟ್ಟಾಗ ವೆಂಟಿಲೇಟರಿನಲ್ಲಿದ್ದ ರೋಗಿಗಳ ಸಾವು ಮೂರನೇ ಒಂದು ಭಾಗದಷ್ಟು ಇಳಿಯಿತು. ಆಮ್ಲಜನಕ ಪಡೆಯುತ್ತಿದ್ದವರಲ್ಲಿ ಐದನೇ ಒಂದು ಭಾಗದಷ್ಟು ಇಳಿಯಿತು. ಈ ಔಷಧ ವೈರಾಣುವನ್ನು ಕೊಲ್ಲುವುದಿಲ್ಲ. ಅದು ಮಾಡುವ ಕೆಲಸ, ಕೆರಳಿ ಹೋದ ದೇಹದ ಪ್ರತಿರಕ್ಷಣೆಯನ್ನು ತಗ್ಗಿಸುವುದು! ಅನೇಕ ರೋಗಿಗಳಲ್ಲಿ ಶ್ವಾಸಕೋಶವನ್ನು ಹಾಳು ಮಾಡುತ್ತಿದ್ದದ್ದು ಬರೀ ವೈರಾಣುವಲ್ಲ, ಅದರ ವಿರುದ್ಧ ಎದ್ದ 'ಶಕ್ತಿ'ಯೇ. ಆಮ್ಲಜನಕ ಬೇಕಿಲ್ಲದ ಸಾಮಾನ್ಯ ರೋಗಿಗಳಿಗೆ ಮಾತ್ರ ಇದರಿಂದ ಪ್ರಯೋಜನವಾಗಲಿಲ್ಲ. ಅಂದರೆ ತಗ್ಗಿಸುವುದಕ್ಕೂ ಒಂದು ಹೊತ್ತು, ಒಂದು ಅಳತೆ ಇದೆ. ಈ ಸೂಕ್ಷ್ಮವನ್ನು ಹೇಳಲು ನಮ್ಮ ಸೈನಿಕರ ಕಥೆಯಲ್ಲಿ ಜಾಗವೇ ಇಲ್ಲ. ಯಾವ ವೀರಗಾಥೆಯಲ್ಲಿ ಗೆಲುವಿಗಾಗಿ ತನ್ನದೇ ಸೈನ್ಯವನ್ನು ಕಟ್ಟಿಹಾಕುತ್ತಾರೆ?

ಸಂಶೋಧಕರು ಮಾತ್ರ ಇದನ್ನು ಬಹಳ ಹಿಂದೆಯೇ ಕೇಳತೊಡಗಿದ್ದರು. ದೇಹ ಹೊರಗಿನದನ್ನು ಹೇಗೆ ಹೊಡೆಯುತ್ತದೆ ಎಂಬುದಕ್ಕಿಂತ ತನ್ನದನ್ನು ಹೇಗೆ ಹೊಡೆಯದೆ ಬಿಡುತ್ತದೆ ಎಂಬುದು ಅವರ ಪ್ರಶ್ನೆ. ಇದರ ಕಥೆ ಶುರುವಾದದ್ದು ದನದ ಕೊಟ್ಟಿಗೆಯಲ್ಲಿ. ಅಮೆರಿಕದ ವಿಸ್ಕಾನ್ಸಿನ್ ಹೈನುಗಾರಿಕೆಯ ಸೀಮೆ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ರೇ ಓವೆನ್ ಎಂಬವರು ದನಗಳ ರಕ್ತದ ಗುಂಪು ನೋಡುತ್ತಿದ್ದರು. ಒಂದೇ ಬಸುರಿನಲ್ಲಿ ಬೇರೆ ಬೇರೆ ಹೋರಿಗಳಿಗೆ ಹುಟ್ಟಿದ ಅವಳಿ ಕರುಗಳ ರಕ್ತ ಅವರ ಕೈಗೆ ಬಂತು. ತಂದೆಯರು ಬೇರೆಯಾದ್ದರಿಂದ ರಕ್ತವೂ ಬೇರೆ ಇರಬೇಕಿತ್ತು. ಆದರೆ ಪ್ರತಿ ಕರುವಿನಲ್ಲೂ ಎರಡೂ ಬಗೆಯ ರಕ್ತಕಣಗಳಿದ್ದವು. ಗರ್ಭದಲ್ಲಿದ್ದಾಗ ಎರಡರ ಮಾಸುಗಳ ರಕ್ತನಾಳ ಕೂಡಿಕೊಂಡು ರಕ್ತ ಬೆರೆತಿತ್ತು. ಹೋರಿಗರುವಿನ ಜೊತೆ ಅವಳಿಯಾಗಿ ಹುಟ್ಟಿದ ಹೆಣ್ಣುಗರು ಮುಂದೆ ಸಾಮಾನ್ಯವಾಗಿ ಗಬ್ಬವಾಗುವುದಿಲ್ಲ ಎಂಬುದು ದನ ಸಾಕುವವರಿಗೆ ಹಳೆಯ ಸಂಗತಿ. ಅದಕ್ಕೂ ಈ ಬೆರಕೆಯೇ ಕಾರಣ. ಓವೆನ್ ಕಂಡ ಹೊಸ ವಿಷಯವೆಂದರೆ, ಅಣ್ಣನ ರಕ್ತಕಣ ತಂಗಿಯ ಮೈಯಲ್ಲಿ ದೊಡ್ಡವಳಾಗುವವರೆಗೂ ಯಾವ ತಕರಾರೂ ಇಲ್ಲದೆ ಉಳಿದಿತ್ತು. ಇದನ್ನು ಅವರು 1945ರಲ್ಲಿ ಪ್ರಕಟಿಸಿದರು.

ಅದೇ ಹೊತ್ತಿಗೆ ಇಂಗ್ಲೆಂಡಿನಲ್ಲಿ ಪೀಟರ್ ಮೆಡಾವರ್ ಎಂಬವರು ಎರಡನೇ ಮಹಾಯುದ್ಧದಲ್ಲಿ ಸುಟ್ಟು ಹೋದವರಿಗೆ ಬೇರೆಯವರ ಚರ್ಮ ಕಸಿ ಮಾಡಿದರೆ ಅದು ಏಕೆ ನಿಲ್ಲುವುದಿಲ್ಲ ಎಂದು ತಲೆ ಕೆಡಿಸಿಕೊಂಡಿದ್ದರು. 1948ರಲ್ಲಿ ಒಬ್ಬ ಪಶುತಜ್ಞರು ಅವರನ್ನು ಕೇಳಿದರು: ಅವಳಿ ಕರುಗಳಲ್ಲಿ ತದ್ರೂಪಿ ಯಾವುದು, ಅಲ್ಲದ್ದು ಯಾವುದು ಎಂದು ಗುರುತಿಸುವುದು ಹೇಗೆ? ಅದೇನು ಮಹಾ, ಒಂದರ ಚರ್ಮ ಇನ್ನೊಂದಕ್ಕೆ ಕಸಿ ಮಾಡಿ, ತದ್ರೂಪಿಯಾದರೆ ನಿಲ್ಲುತ್ತದೆ, ಇಲ್ಲವಾದರೆ ಉದುರುತ್ತದೆ ಎಂದು ಮೆಡಾವರ್ ಮಾತು ಕೊಟ್ಟರು. ಮಾಡಿ ನೋಡಿದರೆ ಹೆಚ್ಚುಕಡಿಮೆ ಎಲ್ಲ ಅವಳಿಗಳೂ ಪರಸ್ಪರರ ಚರ್ಮವನ್ನು ಒಪ್ಪಿಕೊಂಡುಬಿಟ್ಟವು! ಕೊಟ್ಟ ಮಾತು ಹುಸಿಯಾಯಿತು. ಆಮೇಲೆ ಓವೆನ್ ಅವರ ಕೆಲಸ ಕಣ್ಣಿಗೆ ಬಿದ್ದು ಗುಟ್ಟು ತಿಳಿಯಿತು. 1953ರಲ್ಲಿ ಮೆಡಾವರ್, ಬಿಲ್ಲಿಂಗ್‌ಹ್ಯಾಮ್ ಮತ್ತು ಬ್ರೆಂಟ್ ಕೂಡಿ ಇಲಿಯ ಭ್ರೂಣಕ್ಕೆ ಇನ್ನೊಂದು ತಳಿಯ ಇಲಿಯ ಜೀವಕೋಶಗಳನ್ನು ಚುಚ್ಚಿದರು. ಆ ಇಲಿ ಬೆಳೆದ ಮೇಲೆ ಆ ತಳಿಯ ಚರ್ಮವನ್ನು ಕಸಿ ಮಾಡಿದರೆ ಅದು ಉದುರಲಿಲ್ಲ. ಇದಕ್ಕೆ ಅವರು ಕೊಟ್ಟ ಹೆಸರು 'ಟಾಲರೆನ್ಸ್'. 1960ರ ನೊಬೆಲ್ ಮೆಡಾವರ್ ಅವರಿಗೂ, ಇಂಥದೊಂದು ಆಗಬಹುದೆಂದು ಮೊದಲೇ ತರ್ಕಿಸಿದ್ದ ಆಸ್ಟ್ರೇಲಿಯದ ಬರ್ನೆಟ್ ಅವರಿಗೂ ಸಂದಿತು. ಕರುಗಳ ರಕ್ತ ನೋಡಿದ ಓವೆನ್ ಹೆಸರು ಅದರಲ್ಲಿರಲಿಲ್ಲ.

ಇಲ್ಲಿ ನಮ್ಮ ಭಾಷೆಗಳ ಪರೀಕ್ಷೆ ಶುರುವಾಗುತ್ತದೆ. ಟಾಲರೆನ್ಸ್ ಎಂಬುದಕ್ಕೆ ಕನ್ನಡದಲ್ಲಿ ಸಹಿಷ್ಣುತೆ ಎನ್ನುತ್ತೇವೆ. ಉರ್ದುವಿನಲ್ಲಿ ಎರಡು ಪದಗಳಿವೆ: ಬರ್ದಾಶ್ತ್ ಎಂದರೆ ಹಲ್ಲುಕಚ್ಚಿ ಸಹಿಸುವುದು, ರವಾದಾರಿ ಎಂದರೆ ಇನ್ನೊಬ್ಬರ ನಡೆನುಡಿಗೆ ಉದಾರವಾಗಿ ಎಡೆ ಕೊಡುವುದು. ಮೆಡಾವರ್ ಅವರ ಇಲಿ ಇವೆರಡನ್ನೂ ಮಾಡುತ್ತಿಲ್ಲ. ಬೇರೆಯವರ ಚರ್ಮವನ್ನು ಅದು ಕಷ್ಟಪಟ್ಟು ಸಹಿಸುತ್ತಲೂ ಇಲ್ಲ, ಔದಾರ್ಯ ತೋರುತ್ತಲೂ ಇಲ್ಲ. ಅದರ ಲೆಕ್ಕದಲ್ಲಿ ಅದು ಬೇರೆಯವರದ್ದೇ ಅಲ್ಲ. ಭ್ರೂಣದಲ್ಲಿದ್ದಾಗ ಪರಿಚಯವಾದದ್ದು ತನ್ನದೇ ಆಗಿಬಿಟ್ಟಿದೆ. ಅಂದರೆ 'ತನ್ನದು' ಎಂಬುದು ಹುಟ್ಟಿನಿಂದ ಬರೆದಿಟ್ಟ ಪಟ್ಟಿಯಲ್ಲ, ಕಲಿತದ್ದು. ಎದೆಯೆಲುಬಿನ ಹಿಂದೆ ಥೈಮಸ್ ಎಂಬ ಗ್ರಂಥಿಯಿದೆ. ಟಿ ಕೋಶಗಳು ಬಲಿಯುವುದು ಅಲ್ಲಿ. ತನ್ನ ಮೈಯನ್ನೇ ಕಚ್ಚುವ ಸ್ವಭಾವದ ಕೋಶಗಳನ್ನು ಅಲ್ಲಿಯೇ ಸೋಸಿ ತೆಗೆಯಲಾಗುತ್ತದೆ. ಆದರೆ ಜರಡಿಯ ಕಣ್ಣು ತಪ್ಪಿಸಿಕೊಂಡು ಕೆಲವು ಹೊರಬರುತ್ತವೆ. ಅವುಗಳನ್ನು ತಡೆಯುವವರಾರು?

2025ರ ವೈದ್ಯಶಾಸ್ತ್ರದ ನೊಬೆಲ್ ಈ ಪ್ರಶ್ನೆಗೆ ಸಂಬಂಧಿಸಿದ್ದು. ಜಪಾನಿನ ಶಿಮೊನ್ ಸಕಾಗುಚಿ, ಅಮೆರಿಕದ ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್ ಅದನ್ನು ಹಂಚಿಕೊಂಡರು. ಹುಟ್ಟಿ ಮೂರು ದಿನವಾದ ಇಲಿಯ ಥೈಮಸ್ ತೆಗೆದರೆ ಅದರ ಪ್ರತಿರಕ್ಷಣೆ ಬಡವಾಗಬೇಕು ಎಂದು ಯಾರಾದರೂ ಊಹಿಸುತ್ತಾರೆ. ಆದದ್ದು ಉಲ್ಟಾ. ಇಲಿಯ ದೇಹ ತನ್ನದೇ ಅಂಗಗಳನ್ನು ತಿನ್ನತೊಡಗಿತು. ಈ ಸಂಗತಿ ಜಪಾನಿನಲ್ಲಿ ಮೊದಲೇ ಗೊತ್ತಿತ್ತು. ಅಂಥ ಇಲಿಗಳಿಗೆ ಆರೋಗ್ಯವಂತ ಇಲಿಯ ಟಿ ಕೋಶಗಳನ್ನು ಕೊಟ್ಟರೆ ರೋಗ ನಿಲ್ಲುತ್ತದೆ ಎಂದು ಸಕಾಗುಚಿ ತೋರಿಸಿದರು. ಟಿ ಕೋಶಗಳಲ್ಲೇ ಹೊಡೆಯುವ ಬದಲು ತಡೆಯುವವೂ ಇವೆ ಎಂದಾಯಿತು. ಆದರೆ 'ತಡೆಯುವ ಕೋಶ'ಗಳೆಂಬ ವಿಚಾರಕ್ಕೆ ಆಗ ಕೆಟ್ಟ ಹೆಸರು ಬಂದಿತ್ತು. 1970ರ ದಶಕದಲ್ಲಿ ಅದರ ಬಗ್ಗೆ ಭಾರೀ ಸದ್ದಾಗಿ, 80ರ ದಶಕದಲ್ಲಿ ಸಾಕ್ಷ್ಯ ನಿಲ್ಲದೆ ಕುಸಿದುಬಿದ್ದಿತ್ತು. ಎಲ್ಲರೂ ಕೈಬಿಟ್ಟ ಹೊಲವನ್ನು ಸಕಾಗುಚಿ ಉಳುತ್ತಲೇ ಹೋದರು. ಸಿ.ಡಿ.25 ಎಂಬ ಗುರುತಿನಿಂದ ಆ ಕೋಶಗಳನ್ನು ಅವರು ಬೇರೆ ಮಾಡಿ ತೋರಿಸಿದ್ದು 1995ರಲ್ಲಿ.

ಇನ್ನೊಂದು ಎಳೆ ಅಮೆರಿಕದ ಓಕ್ ರಿಜ್‌ನದು. ಅಣುಬಾಂಬಿನ ಯೋಜನೆಯ ಊರು ಅದು. 1940ರ ದಶಕದಲ್ಲಿ ವಿಕಿರಣದ ಪರಿಣಾಮ ತಿಳಿಯಲು ಅಲ್ಲಿ ಸಾಕಿದ ಇಲಿಗಳಲ್ಲಿ ಕೆಲವು ಗಂಡುಮರಿಗಳು ಮೈಯೆಲ್ಲ ಹೊಪ್ಪಳೆಯಾಗಿ ಕೆಲವೇ ವಾರಗಳಲ್ಲಿ ಸಾಯುತ್ತಿದ್ದವು. ದಶಕಗಳ ನಂತರ ಬ್ರಂಕೋ ಮತ್ತು ರಾಮ್ಸ್‌ಡೆಲ್ ಇದಕ್ಕೆ ಕಾರಣವಾದ ಜೀನನ್ನು ಹುಡುಕಲು ಕುಳಿತರು. ಅನುಮಾನದ ಪಟ್ಟಿಯನ್ನು 20 ಜೀನುಗಳಿಗೆ ಇಳಿಸಿ ಒಂದೊಂದಾಗಿ ನೋಡಿದರೆ, ದೋಷ ಸಿಕ್ಕಿದ್ದು ಇಪ್ಪತ್ತನೆಯದರಲ್ಲಿ! ಅದಕ್ಕೆ ಫಾಕ್ಸ್‌ಪಿ3 ಎಂದು ಹೆಸರಿಟ್ಟು, 2001ರಲ್ಲಿ ಪ್ರಕಟಿಸಿದರು. ಅದೇ ಜೀನು ಕೆಟ್ಟ ಮನುಷ್ಯರ ಗಂಡುಮಕ್ಕಳಲ್ಲೂ ಅಂಥದೇ ಭೀಕರ ಕಾಯಿಲೆ ಬರುತ್ತದೆ. ಸಕಾಗುಚಿ ಅವರ ತಡೆಯುವ ಕೋಶಗಳನ್ನು ನಡೆಸುವುದು ಈ ಜೀನೇ ಎಂದು 2003ರಲ್ಲಿ ಸ್ಪಷ್ಟವಾಯಿತು. ಇವನ್ನು ಈಗ ನಿಯಂತ್ರಕ ಟಿ ಕೋಶಗಳು ಎನ್ನುತ್ತಾರೆ.

ಗಮನಿಸಬೇಕಾದ್ದೇನೆಂದರೆ, ಇದು ಮೆಡಾವರ್ ಹೇಳಿದ ಟಾಲರೆನ್ಸ್ ಅಲ್ಲ. ಅಲ್ಲಿ ಪರಿಚಯವಿತ್ತು, ಇಲ್ಲಿ ತಡೆ ಇದೆ. ಎರಡಕ್ಕೂ ಒಂದೇ ಪದ. ಇನ್ನು ನೊಬೆಲ್ ಸಮಿತಿ ಈ ಕೋಶಗಳನ್ನು ಜನರಿಗೆ ಪರಿಚಯಿಸಿದ್ದು ಹೇಗೆ? ಪ್ರತಿರಕ್ಷಣಾ ವ್ಯವಸ್ಥೆಯ 'ಸೆಕ್ಯುರಿಟಿ ಗಾರ್ಡ್'ಗಳು ಎಂದು. ಸೈನ್ಯದ ಮೇಲೆ ಕಣ್ಣಿಡಲು ಇನ್ನೊಂದು ಸಮವಸ್ತ್ರ. ಆ ಒಳ್ಳೆಯ ಕೆಲಸದ ಮುಂದೆ ಈ ಉಪಮೆ ಬಡವಾಗಿ ಕಾಣುತ್ತದೆ. ಸ್ವೀಡನ್ನಿನವರಿಗೇ ಹೀಗಾದರೆ ಅನುವಾದ ಮಾಡಿ ಹೊಟ್ಟೆ ಹೊರೆಯುವ ನಮ್ಮ ಪತ್ರಕರ್ತ ಮಿತ್ರರನ್ನು ದೂರಿ ಏನು ಫಲ?

ಇದು ಬರೀ ಶೈಲಿಯ ಚರ್ಚೆಯಾಗಿದ್ದರೆ ನಾವು ಇಷ್ಟು ಬರೆಯುತ್ತಿರಲಿಲ್ಲ. ವಿಜ್ಞಾನ ಸಮಾಜದಿಂದ ಪದಗಳನ್ನು ಸಾಲ ಪಡೆಯುತ್ತದೆ: ವೈರಿ, ನುಸುಳುಕೋರ, ಪರಕೀಯ. ಪ್ರಯೋಗಾಲಯದಲ್ಲಿ ಕೆಲವು ಕಾಲ ಇದ್ದು ಆ ಪದಗಳು ಸಮಾಜಕ್ಕೆ ಹಿಂದಿರುಗುವಾಗ ಕೊರಳಲ್ಲಿ ವಿಜ್ಞಾನದ ಪದಕ ಹಾಕಿಕೊಂಡಿರುತ್ತವೆ. ನಾಜಿಗಳು ಯಹೂದಿಯರನ್ನು ರಾಷ್ಟ್ರದೇಹಕ್ಕೆ ಹೊಕ್ಕ ರೋಗಾಣುಗಳೆಂದು ಕರೆದದ್ದು ಇತಿಹಾಸ. ಅಷ್ಟು ದೂರ ಹೋಗುವುದೂ ಬೇಡ. 2020ರ ಮಾರ್ಚ್ ಕೊನೆಯಲ್ಲಿ ದಿಲ್ಲಿಯ ನಿಜಾಮುದ್ದೀನಿನ ತಬ್ಲೀಗ್ ಸಮಾವೇಶದ ಸುದ್ದಿ ಬಂದಾಗ ಟಿ.ವಿ. ಪರದೆಗಳಲ್ಲಿ 'ಕೊರೊನಾ ಜಿಹಾದ್' ಎಂಬ ಪದ ಹುಟ್ಟಿತು. ಆ ಹೊತ್ತಿನಲ್ಲಿ ಅಷ್ಟು ಜನ ಒಂದೆಡೆ ಸೇರಿದ್ದು ತಪ್ಪು ಎಂದು ನಾವು ಆಗಲೂ ಹೇಳಿದ್ದೆವು. ಆದರೆ ರೋಗಾಣು ಮತ್ತು ಮನುಷ್ಯ ಒಂದೇ ಪದದೊಳಗೆ ಕೂಡಿಕೊಂಡಾಗ ಏನಾಗುತ್ತದೆ ಎಂಬುದನ್ನು ತರಕಾರಿ ಗಾಡಿಯವರು ಕಂಡಿದ್ದಾರೆ. ಆ ವರ್ಷದ ಆಗಸ್ಟಿನಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ವಿದೇಶಿ ತಬ್ಲೀಗಿಗಳ ಮೇಲಿನ ಮೊಕದ್ದಮೆಗಳನ್ನು ರದ್ದುಪಡಿಸುತ್ತ ಅವರನ್ನು ಬಲಿಪಶು ಮಾಡಲಾಗಿದೆ ಎಂದಿತು. ತೀರ್ಪು ಬಂತು, ಪದ ಹೋಗಲಿಲ್ಲ.

ಕುತೂಹಲದ ಮಾತೆಂದರೆ 'ತನ್ನದು-ಪರಕೀಯ' ಎಂಬ ಈ ಗೆರೆಯ ಬಗ್ಗೆ ವಿಜ್ಞಾನಿಗಳಲ್ಲೇ ಒಮ್ಮತವಿಲ್ಲ. ಪಾಲಿ ಮ್ಯಾಟ್‌ಜಿಂಜರ್ ಎಂಬ ಮಹಿಳೆ 1994ರಲ್ಲಿ ವಾದಿಸಿದರು: ದೇಹ ನೋಡುವುದು ಯಾರು ಪರಕೀಯ ಎಂದಲ್ಲ, ಎಲ್ಲಿ ಅಪಾಯವಾಗಿದೆ ಎಂದು. ಇಲ್ಲವಾದರೆ ನಾವು ತಿನ್ನುವ ಅನ್ನಕ್ಕೂ ಕರುಳಿನಲ್ಲಿರುವ ಕೋಟ್ಯಂತರ ಬ್ಯಾಕ್ಟೀರಿಯಾಗಳಿಗೂ ದೇಹ ತಿರುಗಿಬೀಳಬೇಕಿತ್ತು. ಆ ವಾದವನ್ನು ಎಲ್ಲರೂ ಒಪ್ಪಿಲ್ಲ, ಚರ್ಚೆ ನಡೆದಿದೆ. ಆದರೆ ಕನ್ನಡದ ಓದುಗನಿಗೆ ಚರ್ಚೆ ನಡೆದಿದೆ ಎಂಬುದೇ ತಲುಪುವುದಿಲ್ಲ. ಅವನಿಗೆ ತಲುಪುವುದು ಕೋಟೆ ಮತ್ತು ಸೈನಿಕ.

ಇನ್ನು ನಮ್ಮ ಮನೆಯ ಕಸವನ್ನೂ ಗುಡಿಸಬೇಕು. ಮುಸ್ಲಿಂ ಪತ್ರಿಕೆಗಳಲ್ಲಿ ವಿಜ್ಞಾನ ಎಂದರೆ ಬಹುಪಾಲು ಎರಡೇ ಬಗೆ. ಒಂದು, ಇದೆಲ್ಲ ಪವಿತ್ರ ಕುರ್‌ಆನಿನಲ್ಲಿ ಮೊದಲೇ ಇತ್ತು ಎಂಬುದು. ಫ್ರೆಂಚ್ ವೈದ್ಯ ಮಾರಿಸ್ ಬುಕಾಯ್ 1976ರಲ್ಲಿ ಬರೆದ ಪುಸ್ತಕದ ನಂತರ ಈ ಬೆಳೆ ಹುಲುಸಾಗಿದೆ. ದೇಹದೊಳಗಿನ ಸೈನ್ಯದ ಬಗ್ಗೆ ಸೂಚನೆ ಇದೆ ಎಂದು ಇಂದು ಬರೆದವರು, ನಾಳೆ ವಿಜ್ಞಾನಿಗಳು ಸೈನ್ಯದ ಉಪಮೆಯನ್ನೇ ಕೈಬಿಟ್ಟರೆ ಏನು ಮಾಡುತ್ತಾರೆ? ಅಲ್ಲಾಹನ ಗ್ರಂಥವನ್ನು ಬದಲಾಗುವ ಸಿದ್ಧಾಂತದ ಬಾಲಕ್ಕೆ ಕಟ್ಟುವುದು ಗ್ರಂಥಕ್ಕೆ ಮಾಡುವ ಗೌರವವಲ್ಲ ಎಂಬುದು ನಮ್ಮ ನಂಬಿಕೆ. ಎರಡನೆಯದು, ಪೂರ್ವಜರ ಹೆಮ್ಮೆ. ಅಲ್ ರಾಝಿ ಸಿಡುಬಿಗೂ ದಡಾರಕ್ಕೂ ಇರುವ ವ್ಯತ್ಯಾಸವನ್ನು ವಿವರಿಸಿ ಗ್ರಂಥ ಬರೆದರು ಎಂದು ಎದೆಯುಬ್ಬಿಸುತ್ತೇವೆ. ನಿಜವೇ. ತುರ್ಕಿಯ ಹೆಂಗಸರು ಸಿಡುಬಿನ ಕೀವನ್ನು ಚುಚ್ಚಿ ಮಕ್ಕಳನ್ನು ಕಾಪಾಡುತ್ತಿದ್ದುದನ್ನು 1717ರಲ್ಲಿ ಕಂಡ ಮೇರಿ ಮಾಂಟೆಗು ಅದನ್ನು ಇಂಗ್ಲೆಂಡಿಗೆ ಒಯ್ದದ್ದೂ ನಿಜ. ಆದರೆ ರಾಝಿಯ ವಿವರಣೆಯಲ್ಲಿ ಸಿಡುಬು ಎಂದರೆ ಎಳೆಯ ರಕ್ತ ದ್ರಾಕ್ಷಾರಸದಂತೆ ಹುಳಿಯುಕ್ಕುವುದು. ಅದು ತಪ್ಪು. ನೋಟ ಸರಿ, ಕಾರಣ ತಪ್ಪು. ಅದರಲ್ಲಿ ನಾಚುವಂಥದ್ದು ಏನಿದೆ? ಗ್ಯಾಲೆನ್ನನನ್ನು ಗುರುವೆಂದು ಒಪ್ಪಿಯೂ 'ಗ್ಯಾಲೆನ್ನನ ಬಗ್ಗೆ ಸಂದೇಹಗಳು' ಎಂದು ಪುಸ್ತಕ ಬರೆದವರು ಅವರು. ನಾವು ರಾಝಿಯ ಹೆಸರನ್ನು ಇಟ್ಟುಕೊಂಡಿದ್ದೇವೆ, ಅವರ ಸಂದೇಹವನ್ನು ಬಿಟ್ಟಿದ್ದೇವೆ.

ಮೂರನೆಯ ಒಂದು ಬಗೆಯೂ ಇದೆ, ಅದು ನಮ್ಮಂಥ ಕಥೆಗಾರರ ಚಟ. ತಾಯಿಯ ಗರ್ಭದಲ್ಲಿ ಬೆಳೆಯುವ ಮಗು ಅರ್ಧ ತಂದೆಯದು, ಅಂದರೆ ಅರ್ಧ 'ಪರಕೀಯ'. ತಾಯಿಯ ದೇಹ ಅದನ್ನು ಏಕೆ ಹೊರದಬ್ಬುವುದಿಲ್ಲ ಎಂದು ಮೆಡಾವರ್ 1953ರಲ್ಲೇ ಕೇಳಿದ್ದರು. ನಿಯಂತ್ರಕ ಕೋಶಗಳ ಪಾತ್ರ ಅದರಲ್ಲಿದೆ ಎಂದು ಇಲಿಗಳ ಮೇಲಿನ ಪ್ರಯೋಗಗಳು ಹೇಳುತ್ತವೆ. ಹೆತ್ತು 27 ವರ್ಷವಾದ ಮೇಲೂ ಒಬ್ಬ ತಾಯಿಯ ರಕ್ತದಲ್ಲಿ ಗಂಡುಮಗುವಿನ ಕೋಶಗಳು ಸಿಕ್ಕಿದ ವರದಿ 1996ರಲ್ಲಿ ಬಂತು. ಇದನ್ನು ಓದಿದಾಗ ನಮ್ಮ ಕೈ ತುರಿಸಿತು. ನೋಡಿ, ಪ್ರಕೃತಿಯೇ ಸೌಹಾರ್ದವನ್ನು ಬೋಧಿಸುತ್ತಿದೆ, ಸಹಿಷ್ಣುತೆ ನಮ್ಮ ರಕ್ತದಲ್ಲೇ ಇದೆ ಎಂದು ಒಂದು ಭಾಷಣ ಬರೆದು ಸೀರತ್ ಸಮಾರಂಭದಲ್ಲಿ ಓದಿದರೆ ಚಪ್ಪಾಳೆ ಖಚಿತ. ಬರೆಯಲು ಕುಳಿತೆವು ಕೂಡ. ನಿಲ್ಲಿಸಿದ್ದು ಕ್ಯಾನ್ಸರ್. ಅದೇ ನಿಯಂತ್ರಕ ಕೋಶಗಳು ಕ್ಯಾನ್ಸರ್ ಗಡ್ಡೆಯ ಸುತ್ತ ಸೇರಿಕೊಂಡು ಅದನ್ನೂ ಕಾಯುತ್ತವೆ. ಪ್ರತಿರಕ್ಷಣೆಯ ಇಂಥ ಕಡಿವಾಣಗಳನ್ನು ಸಡಿಲಿಸಿ ಕ್ಯಾನ್ಸರಿಗೆ ಚಿಕಿತ್ಸೆ ಕೊಡಬಹುದೆಂದು ತೋರಿಸಿದ ಅಲಿಸನ್ ಮತ್ತು ಹೊಂಜೊ ಅವರಿಗೆ 2018ರ ನೊಬೆಲ್ ಬಂತು. ಜೀವಕೋಶಕ್ಕೆ ನೀತಿಯಿಲ್ಲ. ನಮ್ಮ ನೆರೆಹೊರೆಯವರು ನಮ್ಮೊಡನೆ ಚೆನ್ನಾಗಿರಬೇಕು ಎಂಬುದಕ್ಕೆ ಇಲಿಯ ಸಾಕ್ಷಿ ಬೇಕಾಗಿಯೂ ಇಲ್ಲ. 'ಕೊರೊನಾ ಜಿಹಾದ್' ಎಂದವರು ಮಾಡಿದ್ದನ್ನೇ ನಾವು ಒಳ್ಳೆಯ ಉದ್ದೇಶದಿಂದ ಮಾಡಲು ಹೊರಟಿದ್ದೆವು.

ಹಾಗಾದರೆ ಕನ್ನಡದಲ್ಲಿ ಇದನ್ನೆಲ್ಲ ಬರೆಯುವುದು ಹೇಗೆ? ಮಾದರಿಗೆ ದೂರ ಹೋಗಬೇಕಾಗಿಲ್ಲ. ತೇಜಸ್ವಿಯವರ 'ಕರ್ವಾಲೊ' 1980ರಲ್ಲೇ ಬಂದಿದೆ. ಅಲ್ಲಿ ವಿಜ್ಞಾನಿಯ ಜೊತೆ ಮಂದಣ್ಣನಂಥವನಿದ್ದಾನೆ, ಪೆದ್ದುತನವಿದೆ, ಮಳೆ ಜಿಗಣೆಗಳಿವೆ, ಕೊನೆಗೆ ಹಾರುವ ಓತಿ ಕೈಗೆ ಸಿಗದೆ ಕಣಿವೆಗೆ ಹಾರಿಹೋಗುತ್ತದೆ. ಸಂಶೋಧನೆ ಎಂದರೆ ಹುಡುಕಾಟ ಎಂದು ಓದುಗನಿಗೆ ಅರಿವಾಗುತ್ತದೆ. ಮೆಡಾವರ್ ಕೊಟ್ಟ ಮಾತು ಹುಸಿಯಾದದ್ದು, ಇಪ್ಪತ್ತನೆಯ ಜೀನಿನವರೆಗೆ ಏನೂ ಸಿಗದೆ ಹೋದದ್ದು ನಮ್ಮ ವಿಜ್ಞಾನ ಲೇಖನಗಳಿಗೆ ಬರುವುದೇ ಇಲ್ಲ, ಬರೀ ಗೆದ್ದ ಸುದ್ದಿ ಬರುತ್ತದೆ.

ಉರ್ದುವಿನಲ್ಲಿ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕಾಗಿ 1917ರಲ್ಲಿ ದಾರುಲ್ ತರ್ಜುಮಾ ಸ್ಥಾಪಿಸಿ ವಿಜ್ಞಾನ, ವೈದ್ಯದ ಪುಸ್ತಕಗಳನ್ನು ಅನುವಾದಿಸಿದರು. ಪದ ಕಟ್ಟುವುದು ಹೇಗೆ ಎಂಬ ಬಗ್ಗೆಯೇ ವಹೀದುದ್ದೀನ್ ಸಲೀಂ 1921ರಲ್ಲಿ ಒಂದು ಪುಸ್ತಕ ಬರೆದರು. ಕಲಬುರಗಿ, ಬೀದರ, ರಾಯಚೂರು ಆಗ ಅದೇ ಸಂಸ್ಥಾನದಲ್ಲಿದ್ದವು, ಅಲ್ಲಿಂದ ಹೋಗಿ ಉರ್ದುವಿನಲ್ಲೇ ಡಾಕ್ಟರಿ ಕಲಿತವರಿದ್ದಾರೆ. ದೊಡ್ಡ ಸಾಹಸವದು. ಆದರೆ ಆ ಪದಗಳು ವಿದ್ಯಾರ್ಥಿಗಾಗಿ ಕಟ್ಟಿದವು, ರೋಗಿಗಾಗಿ ಅಲ್ಲ. ಕನ್ನಡದ ಪಾರಿಭಾಷಿಕ ಕೋಶಗಳೂ ಅಷ್ಟೆ. ರೋಗಿ ಕೇಳುವ ಪ್ರಶ್ನೆಗೆ ನಿಂತು ಉತ್ತರಿಸುವ ಪದ ಯಾವುದು ಎಂದು ಯಾವ ಸಮಿತಿಯೂ ಕೂತು ಯೋಚಿಸಿದಂತೆ ಕಾಣುವುದಿಲ್ಲ. 'ಪ್ರತಿರಕ್ಷಣೆ' ಎಂಬ ಪದ ಚಲಾವಣೆಯಲ್ಲಿದೆ. ಅದರಲ್ಲಿ ಶಕ್ತಿ ಇಲ್ಲ ಎಂಬುದೇ ಅದರ ಗುಣ. ಸದ್ಯಕ್ಕೆ ನಾವು ಅದನ್ನೇ ಬಳಸುತ್ತಿದ್ದೇವೆ. ಆದರೆ ಖಾಲಾ ಮುಂದೆ ಅದನ್ನು ಹೇಳಿದರೆ ಅವರಿಗೆ ಅದು ಇನ್ನೊಂದು ಮಾತ್ರೆಯ ಹೆಸರಿನಂತೆ ಕೇಳುತ್ತದೆ.

ಹೋದ ಸಲ ಅವರ ಮನೆಗೆ ಹೋದಾಗ ಮತ್ತೆ ಪ್ರಯತ್ನಿಸಿದೆವು. ಥೈಮಸ್ಸು, ಜರಡಿ ಎಲ್ಲ ಹೇಳಿದೆವು. ಮೈಯನ್ನು ಕಾಯಬೇಕಾದದ್ದೇ ಗುರುತು ತಪ್ಪಿ ಗಂಟುಗಳನ್ನು ತಿನ್ನುತ್ತಿದೆ ಎಂದೆವು. ಖಾಲಾ ಸ್ವಲ್ಪ ಹೊತ್ತು ಕೇಳಿ, "ಬೇಲಿನೇ ಎದ್ದು ಹೊಲ ಮೇಯ್ದಂಗೆ ಅನ್ನು" ಎಂದರು. ಅಷ್ಟು ವರ್ಷದಿಂದ ನಮ್ಮ ನಾಲಿಗೆಯ ತುದಿಯಲ್ಲೇ ಇದ್ದ ಗಾದೆ. ಅದರಲ್ಲೂ ಕೊರತೆಯಿದೆ. ಗಾದೆಯ ಬೇಲಿಗೆ ದ್ರೋಹದ ವಾಸನೆಯಿದೆ, ಮೈಯಲ್ಲಿ ನಡೆಯುವುದು ದ್ರೋಹವಲ್ಲ. ಅದನ್ನು ಹೇಳಲು ಬಾಯಿ ತೆರೆದವರು ಸುಮ್ಮನಾದೆವು.

"ಹಾಗಾದ್ರೆ ಈ ಮಾತ್ರೆ ಬೇಲಿ ಸವರೋದಕ್ಕೆ" ಎಂದರು ಖಾಲಾ. "ಪೂರಾ ಕೀಳೋದಕ್ಕಲ್ಲ ತಾನೇ?"

ಅಲ್ಲ ಎಂದೆವು. ಅವರು ಮಾತ್ರೆ ನುಂಗುವುದು ಈಗ ಪ್ರತಿ ಜುಮಾ ದಿನ, ಮಧ್ಯಾಹ್ನ ಊಟವಾದ ಮೇಲೆ. ವಾರ ಮರೆಯಬಾರದೆಂದು ಅವರೇ ಆರಿಸಿಕೊಂಡ ದಿನ ಅದು.